ಶೋಕವೂ ಸಾಕಣೆಯೂ

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನಲ್ಲಿ, ತುಂಗಭದ್ರೆಯ ಕಾಲುವೆ ಬಂದ ಮೇಲೆ ಎರೆಯ ಹೊಲಗಳು ಭತ್ತದ ಗದ್ದೆಗಳಾಗಿ ಮಾರ್ಪಟ್ಟ ಸೀಮೆಯಲ್ಲಿ, ನಿಟ್ಟೂರು ಮತ್ತು ಉಡೇಗೋಳಂ ಎಂಬ ಎರಡು ಗ್ರಾಮಗಳಿವೆ. ಮೌರ್ಯ ಚಕ್ರವರ್ತಿಯು ‘ದೇವಾನಾಂಪ್ರಿಯ’ನೆಂಬ ಬಿರುದಿನ ಜೊತೆಗೆ ಅಶೋಕನೆಂಬ ತನ್ನ ಸ್ವಂತ ಹೆಸರನ್ನೂ ಹೇಳಿಕೊಂಡಿರುವ ಅತಿ ವಿರಳವಾದ ಶಾಸನಗಳ ಪೈಕಿ ಎರಡು ಅಲ್ಲಿಯ ಬಂಡೆಗಳ ಮೇಲಿರುವುದರಿಂದ ಇತಿಹಾಸದ ವಿದ್ಯಾರ್ಥಿಗಳಿಗೆ ಈ ಊರುಗಳ ಹೆಸರು ಪರಿಚಿತ. ಅದೇ ತಾಲ್ಲೂಕಿನ ಕರೂರಿನಲ್ಲಿ ಬೇಸಾಯ ಕೂಲಿಗಳಿಂದ ಜೀವನ ಸಾಗಿಸುತ್ತಿರುವ ಜನ ಈ ಬಂಡೆಗಳನ್ನು ಕುರಿತು ಹೆಚ್ಚು ಚಿಂತಿಸಿರಲಾರರು. ಅದಕ್ಕಾಗಿ ಅವರನ್ನು ದೂರಬೇಕಾದುದೂ ಇಲ್ಲ, ಬ್ರಾಹ್ಮೀಲಿಪಿಯನ್ನು ಓದಬಲ್ಲವರು ವಿಶ್ವವಿದ್ಯಾಲಯಗಳಲ್ಲಿಯೂ ಕಡಮೆಯೆ. ಆದರೆ ಆ ಬಂಡೆಯ ಮೇಲಿನ ಒಂದು ಮಾತಿಗೂ, ಕರೂರಿನಂತಹ ಊರಿನ ಯಾವುದಾದರೊಂದು ಓಣಿಯಲ್ಲಿ ಗಂಡನನ್ನೋ ಹಿರಿಯ ಮಗನನ್ನೋ ಮಣ್ಣಿಗಿಟ್ಟು ಬಂದು, ಉಳಿದ ಮಕ್ಕಳಿಗಾಗಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿರುವ ತಾಯಿಯ ಮನಸ್ಸಿನಲ್ಲಿ ಏಳುವ ಒಂದು ಪ್ರಶ್ನೆಗೂ ಗಾಢವಾದ ಸಂಬಂಧವಿದೆಯೆಂದು ನನಗೆ ಬಹುಕಾಲದಿಂದ ತೋರುತ್ತ ಬಂದಿದೆ.

ಪ್ರಶ್ನೆಯನ್ನು ಬಿಡಿಸಿ ಹೇಳುವುದಾದರೆ ಹೀಗೆ. ಮನೆಯಲ್ಲಿ ಸಾವು ಸಂಭವಿಸಿ ಕೆಲವು ಕಾಲ ಕಳೆದ ಮೇಲೆ, ಅಳು ತಾನಾಗಿ ಇಳಿಮುಖವಾಗಿ, ಮಗುವಿನ ತೊದಲಿಗೆ ನಗು ಬಂದು, ಸತ್ತವರ ನೆನಪು ಒಂದು ಸಲವೂ ಇರಿಯದೆ ಒಂದಿಡೀ ಹೊತ್ತು ಸರಿದುಹೋಯಿತೆಂಬುದು ಫಕ್ಕನೆ ಅರಿವಾದಾಗ, ‘ನಾನು ಮೊದಲಿಗಿಂತ ಮೇಲಾಗಿದ್ದೇನೆ’ ಎಂದು ತನಗೆ ತಾನೇ ಹೇಳಿಕೊಳ್ಳುವುದು ಧರ್ಮವೋ ಅಧರ್ಮವೋ? ಲೋಕದ ಬಾಯಿ ಹೇಗೂ ಇದ್ದೇ ಇದೆ: ‘ಗಂಡ ಸತ್ತು ಇನ್ನಾ ವರ್ಷ ತುಂಬಿಲ್ಲ, ಜಾತ್ರಿಗೆ ಬಂದು ಮಿರ್ಚಿ ತಿನ್ನಾಕ ಹತ್ತ್ಯಾಳ ನೋಡು.’ ಆ ಬಾಯಿಗೆ ಬೆನ್ನು ತಿರುಗಿಸಿ ನಡೆಯಬಹುದು. ಒಳಗಿನ ಆಪಾದನೆಗೆ ಬೆನ್ನು ತಿರುಗಿಸುವುದು ಕಷ್ಟ. ಏಕೆಂದರೆ ಶೋಕಿಸುವವನು ತನ್ನ ಶೋಕವನ್ನು ಸತ್ತವರಿಗೆ ತಾನು ಸಲ್ಲಿಸಬಹುದಾದ ಕಟ್ಟಕಡೆಯ ಸೇವೆಯೆಂದು ಭಾವಿಸಿರುತ್ತಾನೆ, ಮತ್ತು ಅದು ಕಡಮೆಯಾದಷ್ಟೂ ಸೇವೆಯಲ್ಲಿ ಲೋಪ ಬಂದಿತೆಂದು ನಡುಗುತ್ತಾನೆ. ಒಂಟಿಜೀವಿಯ ಮಟ್ಟಿಗೆ ಇದು ಅವನಿಗೂ ಅವನ ದೈವಕ್ಕೂ ಬಿಟ್ಟ ವಿಷಯವಾಗಿ ಉಳಿಯಬಹುದು. ಎಳೆಯರಿರುವ ಮನೆಯಲ್ಲಿ ಹಾಗಲ್ಲ. ಅಲ್ಲಿ ತಾಯಿಯೋ ತಂದೆಯೋ ಸಲ್ಲಿಸುತ್ತಿರುವ ಈ ಸೇವೆಯ ಭಾರವು, ಯಾರೂ ಹೊರಿಸದಿದ್ದರೂ, ಏನೂ ಅರಿಯದ ಮಕ್ಕಳ ಹೆಗಲಿನ ಮೇಲೆಯೂ ಬೀಳುತ್ತದೆ.

ಈಗ ಬಂಡೆಯ ಮಾತಿಗೆ ಬರೋಣ. ಅಶೋಕನ ಆ ಕಿರುಶಾಸನ ಕನ್ನಡ ನಾಡಿನಲ್ಲಿ ಹಲವೆಡೆ ದೊರೆತಿದೆ. 1892ರಲ್ಲಿ ಬಿ.ಎಲ್. ರೈಸ್ ಅವರು ಕಂಡುಹಿಡಿದ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳು ಮೊದಲಿನವು; 1915ರಲ್ಲಿ ಮಸ್ಕಿಯದು ಬೆಳಕಿಗೆ ಬಂತು; ನಿಟ್ಟೂರು, ಉಡೇಗೋಳಂ ಬಹಳ ಈಚಿನವು. ಬ್ರಹ್ಮಗಿರಿಯಲ್ಲಿರುವ ಪಾಠವನ್ನು ಅನುಸರಿಸಿ ಹೇಳುವುದಾದರೆ, ಅರಸನು ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೆ ಮೇಲಾಯಿತೆಂದೂ, ಆದರೆ ಅದರಲ್ಲಿ ಒಂದು ವರ್ಷಕಾಲ ತಾನು ಹೇಳಿಕೊಳ್ಳುವಂತಹ ಪ್ರಯತ್ನವನ್ನೇ ಮಾಡಲಿಲ್ಲವೆಂದೂ, ಸಂಘವನ್ನು ಸಮೀಪಿಸಿದ ಅನಂತರದ ಒಂದು ವರ್ಷಕ್ಕೂ ಮಿಕ್ಕ ಅವಧಿಯಲ್ಲಿ ತೀವ್ರವಾಗಿ ಪ್ರಯತ್ನಿಸಿದ್ದೇನೆಂದೂ ಸಾರುತ್ತಾನೆ. ಇಂತಹ ಪ್ರಯತ್ನದ ಫಲವು ದೊಡ್ಡವರಿಗೆ ಮೀಸಲಾದುದಲ್ಲ, ಅಲ್ಪನಾದವನೂ ಪ್ರಯತ್ನಪಟ್ಟರೆ ಅದನ್ನು ಪಡೆಯಬಲ್ಲನೆಂಬ ಭರವಸೆಯೂ ಅದರ ಹಿಂದೆಯೇ ಬರುತ್ತದೆ. ಗೆದ್ದ ಯುದ್ಧಗಳನ್ನೂ ಕೊಟ್ಟ ದಾನಗಳನ್ನೂ ಬಂಡೆಯ ಮೇಲೆ ಬರೆಸಿದ ಅರಸರು ಈ ನೆಲದಲ್ಲಿ ಲೆಕ್ಕವಿಲ್ಲದಷ್ಟು ಮಂದಿ. ತನ್ನ ಆಲಸ್ಯದ ಒಂದು ವರ್ಷವನ್ನು ಕೊರೆಸಿಟ್ಟ ಇನ್ನೊಬ್ಬ ಅರಸನನ್ನು ನಾನು ಕಾಣೆ.

ಇಲ್ಲಿ ಒಂದು ಆಕ್ಷೇಪ ತಲೆಯೆತ್ತುವುದು ಸಹಜ. ಆಡಬಾರದ, ಮಾಡಬಾರದ ನಡತೆಗಳನ್ನು ಒಂದು ಪುಟ್ಟ ವಚನದಲ್ಲಿ ಎಣಿಸಿದ ಬಸವಣ್ಣನವರು, ತನ್ನನ್ನು ತಾನು ಕೊಂಡಾಡಿಕೊಳ್ಳುವುದನ್ನೂ ಕಳವು ಕೊಲೆಗಳ ಪಂಕ್ತಿಯಲ್ಲಿಯೇ ಕುಳ್ಳಿರಿಸಿದ್ದಾರೆ. ನಮ್ಮ ಜನದ ಧಾರ್ಮಿಕ ಸಂಸ್ಕಾರಕ್ಕೆ ಅದು ಎಷ್ಟು ಒಗ್ಗಿಹೋಗಿದೆಯೆಂದರೆ, ‘ಹೇಗಿದ್ದೀರಿ’ ಎಂದು ಕೇಳಿದರೆ ‘ದೇವರು ಇಟ್ಟಂಗ ಇದೀವಿ’ ಎಂಬ ಉತ್ತರವಲ್ಲದೆ ಬೇರೆ ಉತ್ತರ ಹಳ್ಳಿಗಳಲ್ಲಿ ಕೇಳಿಬರುವುದು ಅಪೂರ್ವ. ತನ್ನ ಮುನ್ನಡೆಯನ್ನು ತಾನೇ ಗುರುತಿಸಿಕೊಳ್ಳುವವನು ಅಹಂಕಾರದ ಬಾಗಿಲನ್ನು ತಟ್ಟುತ್ತಿರುವನೆಂಬ ಈ ಶಂಕೆ ಸುಲಭವಾಗಿ ತಳ್ಳಿಹಾಕತಕ್ಕದ್ದಲ್ಲ. ಆದರೆ ಅಶೋಕನು ಹೇಳಿಕೊಂಡಿರುವುದನ್ನು ಎಚ್ಚರದಿಂದ ಗಮನಿಸಿದರೆ, ಅವನು ತಾನು ಪುಣ್ಯಾತ್ಮನಾದೆನೆಂದಾಗಲಿ ಶಾಂತಿಯನ್ನು ಪಡೆದೆನೆಂದಾಗಲಿ ಅಲ್ಲಿ ಹೇಳುವುದಿಲ್ಲ. ಇಂತಹ ಅವಧಿಯಲ್ಲಿ ಪ್ರಯತ್ನಿಸಲಿಲ್ಲ, ಇಂತಹ ಅವಧಿಯಲ್ಲಿ ಪ್ರಯತ್ನಿಸಿದೆ, ಇಷ್ಟೇ ಅವನ ಮಾತು. ಕೆಟ್ಟ ವರ್ಷವನ್ನು ತನ್ನೊಳಗೆ ಇಟ್ಟುಕೊಂಡಿರುವ ಲೆಕ್ಕ ಅದು, ಮತ್ತು ಅಂತಹ ಲೆಕ್ಕವನ್ನು ಬಸವಣ್ಣನವರೂ ಆತ್ಮಸ್ತುತಿಯೆಂದು ಹಳಿಯುತ್ತಿರಲಿಲ್ಲವೆಂದೇ ನಾನು ನಂಬಿದ್ದೇನೆ. ತಮ್ಮ ಮನಸ್ಸಿನ ಚಾಂಚಲ್ಯವನ್ನು ಅವರಷ್ಟು ನಿಷ್ಠುರವಾಗಿ ಬರೆದಿಟ್ಟವರು ವಿರಳ.

ಸಾವಿನ ಮನೆಗೆ ಧರ್ಮಗಳು ಏನು ವಿಧಿಸಿವೆಯೆಂಬುದನ್ನು ನೋಡಿದರೆ, ಈ ವಿಷಯದಲ್ಲಿ ಅವುಗಳ ಮೌನ ಎಷ್ಟೆಂಬುದು ತಿಳಿಯುತ್ತದೆ. ಬ್ರಾಹ್ಮಣರ ಮನೆಯಲ್ಲಿ ಹತ್ತು ದಿನದ ಆಶೌಚ, ಅನಂತರ ತಿಂಗಳು ತಿಂಗಳಿಗೆ ಮಾಸಿಕ, ವರ್ಷಕ್ಕೆ ಆಬ್ದಿಕ. ಮುಸಲ್ಮಾನರಲ್ಲಿ ವಿಧವೆಗೆ ನಾಲ್ಕು ತಿಂಗಳು ಹತ್ತು ದಿನಗಳ ಇದ್ದತ್. ಲಿಂಗಾಯತರಲ್ಲಿ ಸಾವಿನ ಸೂತಕವೆಂಬುದೇ ಇಲ್ಲ, ತೀರಿಕೊಂಡವರು ಲಿಂಗದಲ್ಲಿ ಐಕ್ಯರಾದರೆಂಬ ನಂಬುಗೆಯಿಂದ ದೇಹವನ್ನು ಕುಳಿತ ಭಂಗಿಯಲ್ಲಿಯೇ ಸಮಾಧಿಗಿಳಿಸುತ್ತಾರೆ. ಈ ಮೂರು ಬಗೆಯ ಮನೆಗಳೂ ಒಂದೇ ಊರಿನಲ್ಲಿ, ಕೆಲವೊಮ್ಮೆ ಒಂದೇ ಓಣಿಯಲ್ಲಿ, ಗೋಡೆಗೆ ಗೋಡೆ ತಾಗಿಕೊಂಡಿರುವುದು ನಮ್ಮ ಸೀಮೆಯಲ್ಲಿ ಸಾಮಾನ್ಯ. ಐಕ್ಯವನ್ನು ನಂಬಿದವಳು ಅಳಬಾರದೆ ಎಂದು ಕೇಳುವವರುಂಟು. ಶರಣರು ನಿರಾಕರಿಸಿದ್ದು ಮೈಲಿಗೆಯನ್ನು. ಕಣ್ಣೀರನ್ನು ಅವರು ಮೈಲಿಗೆಯೆಂದು ಎಲ್ಲಿಯೂ ಕರೆದಿಲ್ಲ. ಅದಿರಲಿ. ನಾನು ಹೇಳಹೊರಟದ್ದು ಬೇರೆ: ಈ ವಿಧಿಗಳೆಲ್ಲ ಸತ್ತವರಿಗೂ ಇದ್ದವರಿಗೂ ನಡುವಣ ಸಂಬಂಧವನ್ನು ಕ್ರಮಗೊಳಿಸಲು ಹುಟ್ಟಿದವು, ಮತ್ತು ಆ ಕೆಲಸವನ್ನು ಅವು ಚೆನ್ನಾಗಿಯೇ ಮಾಡುತ್ತವೆ, ಆದರೆ ಶೋಕಸ್ಥಳಾದ ತಾಯಿಗೂ ಅವಳ ಬದುಕಿರುವ ಮಗುವಿಗೂ ನಡುವೆ ಅನಂತರ ನಡೆಯಬೇಕಾದುದಕ್ಕೆ ಯಾವ ಪುರೋಹಿತನ ಬಳಿಯಲ್ಲಿಯೂ ಪುಸ್ತಕವಿಲ್ಲ. ಹತ್ತು ದಿನ ನೆರೆಯವರು ಬುತ್ತಿ ತಂದುಕೊಟ್ಟಾರು. ಹನ್ನೊಂದನೆಯ ದಿನ ಶಾಲೆಗೆ ಹೊರಟ ಹುಡುಗಿಗೆ ಜಡೆ ಹಾಕುವ ಕೈ ನಡುಗುತ್ತಿದ್ದರೆ ಏನು ಮಾಡಬೇಕೆಂಬುದನ್ನು ಯಾವ ಸ್ಮೃತಿಯೂ ಹೇಳುವುದಿಲ್ಲ.

ಈ ಕಷ್ಟ ಹೊಸದೇನೂ ಅಲ್ಲ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಬ್ರಹ್ಮಗಿರಿಯಲ್ಲಿ ಅಗೆಸಿದಾಗ, ಅಶೋಕನಿಗೂ ಬಹು ಹಿಂದಿನ ಕಲ್ಲಿನ ಕೊಡಲಿಯ ಜನ ತಮ್ಮ ಹಸುಗೂಸುಗಳನ್ನು ಮಡಕೆಯೊಳಗಿಟ್ಟು ವಾಸದ ನೆಲೆಯಲ್ಲಿಯೇ ಹೂಳಿದ್ದು ಕಂಡುಬಂತು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡದ ಮೇಲೆ ವಾಸವಾಗಿದ್ದವರೂ ಅದೇ ನವಶಿಲಾಯುಗದ ಸಂಸ್ಕೃತಿಯವರು. ಓಡಾಡುವ, ಉಣ್ಣುವ, ಉಳಿದ ಮಕ್ಕಳು ಆಡುವ ನೆಲದ ಕೆಳಗೆ ಹೋದ ಮಗುವನ್ನು ಇಟ್ಟುಕೊಂಡು ಆ ತಾಯಂದಿರು ಸಂಸಾರ ನಡೆಸಿದರು. ಸಾವನ್ನು ಮನೆಯಿಂದ ಹೊರಗೆ ಹಾಕದೆಯೇ ಮಕ್ಕಳನ್ನು ಸಾಕಿದ ಆ ಬಾಳು ನಮ್ಮ ನಾಗರಿಕತೆಗೆ ಭಯಂಕರವಾಗಿ ತೋರಬಹುದು. ನನಗೆ ಅದರಲ್ಲಿ ಒಂದು ಬಗೆಯ ಪ್ರಾಮಾಣಿಕತೆ ಕಾಣುತ್ತದೆ.

ತತ್ತ್ವಜ್ಞಾನವಾದರೂ ನೆರವಿಗೆ ಬರುವುದೇ? ಬದುಕಿರುವವರಿಗಾಗಲಿ ಸತ್ತವರಿಗಾಗಲಿ ಜ್ಞಾನಿಗಳು ಶೋಕಿಸರೆಂಬ ಅರ್ಥದ ಮಾತಿನಿಂದಲೇ ಗೀತೋಪದೇಶ ಆರಂಭವಾಗುವುದೆಂಬುದನ್ನು ಬಲ್ಲವರು, ಸಾವಿನ ಮನೆಯಲ್ಲಿ ಅದನ್ನು ಉಚ್ಚರಿಸುವುದು ವಾಡಿಕೆ. ಹಾಗೆ ಉಚ್ಚರಿಸುವವರು ಮಹಾಭಾರತವನ್ನು ಇನ್ನು ಕೆಲವು ಪುಟ ಮುಂದಕ್ಕೆ ಓದಬೇಕಾಗಿತ್ತು. ಆ ಉಪದೇಶವನ್ನು ಸಾಕ್ಷಾತ್ ಶ್ರೀಕೃಷ್ಣನ ಮುಖದಿಂದ ಕೇಳಿದ ಅರ್ಜುನನು, ಯುದ್ಧದ ಹದಿಮೂರನೆಯ ದಿನ ಮಗ ಅಭಿಮನ್ಯು ಮಡಿದನೆಂಬ ವಾರ್ತೆ ಕಿವಿಗೆ ಬಿದ್ದಾಗ, ಹದಿನೆಂಟು ಅಧ್ಯಾಯಗಳನ್ನೂ ಕೇಳದವನಂತೆ ಅತ್ತನು. ಮತ್ತು ಕೃಷ್ಣನು ಅವನನ್ನು ಸಂತೈಸಿದನಲ್ಲದೆ, ‘ಅಂದು ನಾನು ಹೇಳಿದ್ದು ಇಷ್ಟು ಬೇಗ ಮರೆತೆಯಾ’ ಎಂದು ಹಂಗಿಸಲಿಲ್ಲ. ಜ್ಞಾನವು ಶೋಕವನ್ನು ತಡೆಯುವುದೆಂಬ ನಿರೀಕ್ಷೆಯೇ ತಪ್ಪೆಂದು ಇದರಿಂದ ಗ್ರಹಿಸಬೇಕಾಗಿದೆ. ಮುಂದೆ ಅರ್ಜುನನು ಮಾಡಿದ್ದೇನು? ಮರುದಿನ ಸೂರ್ಯಾಸ್ತದೊಳಗೆ ಜಯದ್ರಥನನ್ನು ಕೊಲ್ಲುವೆನೆಂದು ಶಪಥ ತೊಟ್ಟು, ಅದನ್ನು ನೆರವೇರಿಸಿದನು. ಶೋಕವನ್ನು ಶಪಥವಾಗಿ ತಿರುಗಿಸಿ ಒಂದು ಹಗಲಿನಲ್ಲಿ ತೀರಿಸಿಕೊಳ್ಳುವ ಸೌಕರ್ಯ ಗಾಂಡೀವವಿದ್ದವರಿಗೆ ಮಾತ್ರ. ಮಕ್ಕಳನ್ನು ಸಾಕಬೇಕಾದವರಿಗೆ ಕೊಲ್ಲಲು ಜಯದ್ರಥನಿಲ್ಲ, ಮುಗಿಸಲು ಸೂರ್ಯಾಸ್ತವೂ ಇಲ್ಲ.

ಅವರು ನೋಡಬೇಕಾದುದು ಪಾಳೆಯದ ಬೇರೊಂದು ಬಿಡಾರವನ್ನು. ಅಭಿಮನ್ಯುವಿನ ಹೆಂಡತಿ ಉತ್ತರೆ ಆಗ ಗರ್ಭಿಣಿ. ಅವಳು ಗಂಡನನ್ನು ಕಳೆದುಕೊಂಡ ದುಃಖದಲ್ಲಿ ಅನೇಕ ದಿನ ಅನ್ನವನ್ನೇ ಮುಟ್ಟಲಿಲ್ಲವೆಂದೂ, ಹೊಟ್ಟೆಯೊಳಗಿನ ಶಿಶುವಿಗೆ ಕೇಡಾಗುವುದೆಂದು ಎಲ್ಲರೂ ಅಂಜಿದರೆಂದೂ, ಆಗ ವ್ಯಾಸರು ಬಂದು ಶೋಕವನ್ನು ಬಿಡೆಂದು ಅವಳಿಗೆ ಹೇಳಿದರೆಂದೂ ಆಶ್ವಮೇಧಿಕ ಪರ್ವದಲ್ಲಿ ಬರುತ್ತದೆ. ಕುಂತಿಯೂ ಮೊಮ್ಮಗನ ಹೆಂಡತಿಯ ಮಗ್ಗುಲಲ್ಲಿದ್ದು ಹೊಟ್ಟೆಯ ಕೂಸಿಗಾಗಿಯಾದರೂ ತಾಳಿಕೊಳ್ಳೆಂದು ಸಂತೈಸಿದವಳೇ. ಕೊಂದವರ, ಸತ್ತವರ, ಅಸ್ತ್ರಶಸ್ತ್ರಗಳ ವರ್ಣನೆಗೆ ಸಾವಿರಾರು ಶ್ಲೋಕಗಳನ್ನು ಎತ್ತಿಟ್ಟ ಆ ಮಹಾಗ್ರಂಥದಲ್ಲಿ ಈ ಸಂಗತಿಗೆ ದೊರೆತಿರುವ ಎಡೆ ಬಲು ಕಿರಿದು. ಆದರೂ ಕುರುವಂಶ ಉಳಿದದ್ದು ಒಬ್ಬ ಎಳೆಯ ವಿಧವೆ ಮರಳಿ ಅನ್ನದ ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡದ್ದರಿಂದ ಎಂದು ನಾನು ಹೇಳಿದರೆ ಪೌರಾಣಿಕರು ಮುನಿಯಬಾರದು. ಅಶ್ವತ್ಥಾಮನ ಅಸ್ತ್ರದಿಂದ ಆ ಮಗುವನ್ನು ಉಳಿಸಿದವನು ಕೃಷ್ಣನೇ ಹೌದು, ಆದರೆ ಅದನ್ನು ದಿನದಿನವೂ ಪೊರೆದವಳು ಉತ್ತರೆ. ‘ನಿನಗ ಬ್ಯಾಡಾದ್ರ ಬ್ಯಾಡ, ಕೂಸಿಗಾದ್ರ ಹಾಲು ಬರಬೇಕಲ್ಲ, ಒಂದ್ ತುತ್ತು ಉಣ್ಣವ್ವ’ ಎಂದು ನಮ್ಮ ಕಡೆಯ ಅಜ್ಜಿಯಂದಿರು ಬಾಣಂತಿಯ ಮುಂದೆ ಬಟ್ಟಲು ಹಿಡಿದು ಕೂಡುವಾಗ ಅವರು ವ್ಯಾಸರ ಕೆಲಸವನ್ನೇ ಮಾಡುತ್ತಿರುತ್ತಾರೆ.

ಆ ತುತ್ತನ್ನು ಉಂಡಾಗ ಉತ್ತರೆಯ ಶೋಕ ಕಡಮೆಯಾಗಿತ್ತೆ? ಆಗಿರಲಾರದು. ಆದರೂ ಉಣ್ಣದೆ ಇದ್ದ ದಿನಕ್ಕೂ ಉಂಡ ದಿನಕ್ಕೂ ನಡುವೆ ಅವಳು ಕ್ರಮಿಸಿದ ದೂರ ಸಾಮಾನ್ಯವಾದುದಲ್ಲ. ಶೋಕದ ಅಳತೆಯನ್ನೂ ಮುನ್ನಡೆಯ ಅಳತೆಯನ್ನೂ ಒಂದೇ ಕೋಲಿನಿಂದ ಅಳೆಯುವ ನಮ್ಮ ಅಭ್ಯಾಸವೇ ಎಲ್ಲ ತೊಡಕಿಗೂ ಮೂಲ. ದುಃಖ ಎಷ್ಟು ಇಳಿಯಿತೆಂದು ಕೇಳಿಕೊಳ್ಳುವವಳಿಗೆ ಇಳಿದರೂ ಸಂಕಟ, ಏಕೆಂದರೆ ದ್ರೋಹವಾಯಿತು. ಇಳಿಯದಿದ್ದರೂ ಸಂಕಟ, ಏಕೆಂದರೆ ತಾನು ಎಂದಿಗೂ ಮೇಲೇಳಲಾರೆ. ಮಗುವಿನ ಕಡೆಗೆ ತನ್ನ ನಡೆ ಹೇಗಾಯಿತೆಂದು ಕೇಳಿಕೊಂಡವಳಿಗೆ ಈ ಇಕ್ಕಟ್ಟು ಇಲ್ಲ. ಸ್ಥಿತಪ್ರಜ್ಞನ ಲಕ್ಷಣವನ್ನು ವಿಚಾರಿಸುವಾಗ ಅರ್ಜುನನೂ ಅವನ ಒಳಗಿನ ಭಾವವನ್ನು ಕುರಿತು ಕೇಳಿ ಅಷ್ಟಕ್ಕೇ ನಿಲ್ಲದೆ, ಅವನು ಹೇಗೆ ಮಾತನಾಡುತ್ತಾನೆ, ಹೇಗೆ ಕೂಡುತ್ತಾನೆ, ಹೇಗೆ ನಡೆಯುತ್ತಾನೆ ಎಂದು ಕೇಳಿದನು. ಯೋಧನಿಗೆ ಸಹಜವಾದ ಆ ಪ್ರಶ್ನೆ ತಾಯಂದಿರಿಗೂ ಒಪ್ಪುವಂತಹುದು.

ಹಂಪೆಯ ಕವಿ ರಾಘವಾಂಕನು ಚಂದ್ರಮತಿಯ ಕಥೆಯನ್ನು ಹೇಳುವಾಗ, ಹಾವು ಕಡಿದು ಮಗ ಲೋಹಿತಾಶ್ವ ಸತ್ತನೆಂದು ತಿಳಿದ ಮೇಲೆಯೂ ಆ ದಾಸಿ ಒಡೆಯನ ಮನೆಯ ಕೆಲಸ ಮುಗಿಸಿ ರಾತ್ರಿಯಲ್ಲಿ ಶವವನ್ನು ಹುಡುಕಿಕೊಂಡು ಹೋಗಬೇಕಾಯಿತೆಂಬ ಸಂಗತಿ ಬರುತ್ತದೆ. ಅಳುವುದಕ್ಕೂ ಬಿಡುವಿಲ್ಲದವರ ಶೋಕ ಅದು, ಮತ್ತು ಬೆಳಗಾದರೆ ನಾಟಿಗೋ ಹತ್ತಿ ಬಿಡಿಸುವುದಕ್ಕೋ ಕೂಲಿಗೆ ಹೋಗಲೇಬೇಕಾದ ನಮ್ಮ ಕಡೆಯ ಹೆಂಗಸರಿಗೆ ಬೇರೆ ವ್ಯಾಖ್ಯಾನವಿಲ್ಲದೆ ಅರ್ಥವಾಗುವಂತಹುದು. ಕಾವ್ಯದ ಕೊನೆಯಲ್ಲಿ ವಿಶ್ವನಾಥನು ಪ್ರತ್ಯಕ್ಷನಾಗಿ ಲೋಹಿತಾಶ್ವನು ಎದ್ದು ಕುಳಿತುಕೊಳ್ಳುವುದರಿಂದ ಕವಿಗೆ ಕಥೆ ಮುಗಿಯಿತು. ಲೋಹಿತಾಶ್ವನು ಏಳದೆಯೇ ಹೋಗಿದ್ದರೆ, ಮತ್ತು ಚಂದ್ರಮತಿಗೆ ಇನ್ನೂ ಎರಡು ಸಣ್ಣ ಮಕ್ಕಳಿದ್ದಿದ್ದರೆ, ಅವಳ ಸತ್ಯದ ಪರೀಕ್ಷೆ ಅಂದಿನಿಂದ ಆರಂಭವಾಗುತ್ತಿತ್ತು.

ಇನ್ನು ಮಗುವಿನ ಕಡೆಗಿನ ನಡೆ ಎಂದರೇನೆಂಬುದನ್ನು ಕೊಂಚ ವಿಸ್ತರಿಸಬೇಕು. ಮೊದಲ ತಿಂಗಳುಗಳಲ್ಲಿ ಎಳೆಯ ಮಕ್ಕಳಿಗೆ ‘ಅಪ್ಪ ಊರಿಗೆ ಹೋಗ್ಯಾನ, ಬರ್ತಾನ’ ಎಂದು ಹೇಳುವ ವಾಡಿಕೆ ನಮ್ಮಲ್ಲಿ ಬಲವಾಗಿದೆ. ಕರುಣೆಯಿಂದ ಹುಟ್ಟಿದ ಸುಳ್ಳು ಅದು, ಆದರೂ ಸುಳ್ಳೇ. ಮಗು ಅದನ್ನು ನಂಬುವುದು ಕೆಲವೇ ದಿನ, ಅನಂತರ ಅದು ಕಲಿಯುವುದು ಕೇಳದೆ ಇರುವುದನ್ನು. ಕೇಳದೆ ಇರಲು ಕಲಿತ ಮಗು ಮುಂದಿನ ಹೆಜ್ಜೆಯಾಗಿ ತಾಯಿಯ ಕಾವಲಿಗೆ ನಿಲ್ಲುತ್ತದೆ. ಪಾಟಿ, ಪೆನ್ಸಿಲು ಬೇಕಾದರೂ ಮೊದಲು ಅವಳ ಮುಖವನ್ನು ನೋಡಿ, ಅದು ಸಮಾಧಾನವಾಗಿದ್ದರೆ ಮಾತ್ರ ಬಾಯಿ ತೆರೆಯುವ, ಬಿದ್ದು ಮೊಳಕಾಲು ಒಡೆದುಕೊಂಡರೂ ಸೆರಗಿಗೆ ರಕ್ತ ತಾಗದಂತೆ ಒರೆಸಿಕೊಂಡು ಬರುವ ಏಳೆಂಟು ವರ್ಷದ ಹುಡುಗಿಯರನ್ನು ಊರವರು ‘ಎಷ್ಟು ಶಾಣ್ಯಾ ಹುಡುಗಿ’ ಎಂದು ಹೊಗಳುತ್ತಾರೆ. ನನಗೆ ಆ ಹೊಗಳಿಕೆಯನ್ನು ಕೇಳಿದಾಗಲೆಲ್ಲ ಖೇದವಾಗುತ್ತದೆ. ಮನೆಯೊಳಗೆ ಮಗುವಾಗಿರುವವರು ಯಾರೂ ಉಳಿದಿಲ್ಲವೆಂಬುದಕ್ಕೆ ಆ ಶಾಣ್ಯಾತನವೇ ಸಾಕ್ಷಿ.

ಇದನ್ನು ತಲೆಕೆಳಗು ಮಾಡಿ ನೋಡಿದರೆ ತಾಯಿಯ ಮುನ್ನಡೆ ಎಲ್ಲಿ ಕಾಣಿಸಿಕೊಳ್ಳುತ್ತದೆಂಬುದು ಹೊಳೆಯುತ್ತದೆ. ಅದು ಮಗುವಿನ ತಂಟೆಯಲ್ಲಿ ಕಾಣಿಸಿಕೊಳ್ಳುತ್ತದೆ. ಆ ಹುಡುಗಿ ಒಂದು ದಿನ ರೊಟ್ಟಿ ಬೇಡವೆಂದು ತಟ್ಟೆ ತಳ್ಳಿದರೆ, ತಮ್ಮನನ್ನು ಚಿವುಟಿ ಅಳಿಸಿದರೆ, ‘ಅಪ್ಪ ಇದ್ದಿದ್ರ ನನ್ನ ಬಯ್ತಿದ್ದಿಲ್ಲ’ ಎಂದು ತಾಯಿಯ ಎದೆಗೆ ನೇರವಾಗಿ ಹೊಡೆಯಬಲ್ಲಷ್ಟು ನಿರ್ಭಯಳಾದರೆ, ಅದನ್ನು ಶುಭಲಕ್ಷಣವೆಂದು ಎಣಿಸಬೇಕು. ಅಮ್ಮ ಈಗ ಒಡೆದುಹೋಗುವುದಿಲ್ಲ, ಅವಳ ಮೇಲೆ ಮುನಿಯಬಹುದು, ಅವಳ ಎದುರಿಗೆ ಸತ್ತವರ ಹೆಸರನ್ನೆತ್ತಬಹುದು ಎಂದು ಆ ಮಗುವಿಗೆ ಭರವಸೆ ಬಂದಿದೆಯೆಂಬುದೇ ಅದರ ಅರ್ಥ. ಆ ಭರವಸೆ ಆಕಾಶದಿಂದ ಇಳಿಯಲಿಲ್ಲ. ತಾಯಿಯು ಒಂದು ಸಂಜೆ ಕಿರಿಚುವುದಕ್ಕೆ ಮೊದಲು ಉಸಿರು ಹಿಡಿದದ್ದು, ಇನ್ನೊಂದು ಸಂಜೆ ಕಿರಿಚಿದ ಮೇಲೆ ಮಗುವನ್ನು ಹತ್ತಿರ ಕರೆದು ‘ನಿನ್ನ ಮ್ಯಾಲಿನ ಸಿಟ್ಟಲ್ಲವ್ವ’ ಎಂದದ್ದು, ಊರಿಗೆ ಹೋಗ್ಯಾನ ಎಂಬ ಸುಳ್ಳನ್ನು ಹಿಂದಕ್ಕೆ ತೆಗೆದುಕೊಂಡು ಸತ್ಯವನ್ನು ಹೇಳಿ ಜೊತೆಯಲ್ಲಿ ಕುಳಿತು ಅತ್ತದ್ದು, ಇಂತಹವು ಕೂಡಿಕೊಂಡು ಅದು ಬಂದಿರುತ್ತದೆ. ಇವುಗಳಲ್ಲಿ ಒಂದೂ ಅವಳ ಕಣ್ಣಿಗೆ ದೊಡ್ಡದಾಗಿ ಕಾಣುವುದಿಲ್ಲ. ಸಸಿಮಡಿಯಿಂದ ಕಿತ್ತು ನಾಟಿ ಮಾಡಿದ ಭತ್ತದ ಪೈರು ಮೊದಲ ಕೆಲವು ದಿನ ಹಳದಿಗಟ್ಟಿ ಬಾಡಿದಂತೆ ನಿಂತಿರುವಾಗ, ಅದು ಬೇರು ಹಿಡಿಯಿತೋ ಇಲ್ಲವೋ ಎಂಬುದನ್ನು ಬದುವಿನ ಮೇಲೆ ನಿಂತ ರೈತ ಹೇಳಬಲ್ಲನೇ ಹೊರತು ಪೈರು ಹೇಳಲಾರದು.

ಅಭಿಮನ್ಯುವಿನ ತಾಯಿ ಸುಭದ್ರೆಯ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಧಾರ್ಮಿಕ ಕಲ್ಪನೆಯ ಒಂದು ಕೊರತೆ ಅವಳಲ್ಲಿ ಎದ್ದು ಕಾಣುತ್ತದೆ. ಯುದ್ಧ ಮುಗಿದು ಮೂವತ್ತಾರು ವರ್ಷಗಳಾದ ಮೇಲೆ, ಪಾಂಡವರು ದ್ರೌಪದಿಯೊಡನೆ ಮಹಾಪ್ರಸ್ಥಾನಕ್ಕೆ ಹೊರಡುವಾಗ ಯುಧಿಷ್ಠಿರನು ಉತ್ತರೆಯ ಮಗ ಪರೀಕ್ಷಿತನಿಗೆ ಪಟ್ಟ ಕಟ್ಟಿ, ಯಾದವರಲ್ಲಿ ಉಳಿದ ವಜ್ರನ ಮತ್ತು ಈ ಮೊಮ್ಮಗನ ರಕ್ಷಣೆಯ ಹೊಣೆಯನ್ನು ಸುಭದ್ರೆಗೆ ಒಪ್ಪಿಸುತ್ತಾನೆ. ಮಗ ಸತ್ತಿದ್ದಾನೆ, ಅಣ್ಣಂದಿರು ಹೋದರು, ಗಂಡನೂ ಹೊರಟು ನಿಂತಿದ್ದಾನೆ. ಅವಳಿಗೆ ದೊರೆತದ್ದು ಒಂದೆರಡು ಶ್ಲೋಕ. ಅನಂತರ ಕವಿ ಹಿಮಾಲಯವನ್ನೇರುವವರ ಬೆನ್ನು ಹತ್ತಿ ಸ್ವರ್ಗದವರೆಗೂ ಹೋಗುತ್ತಾನೆ, ಉಳಿದುಕೊಂಡವಳ ಕಡೆಗೆ ತಿರುಗಿ ನೋಡುವುದಿಲ್ಲ. ಹೊರಟುಹೋಗುವುದರಲ್ಲಿ ವೈರಾಗ್ಯವನ್ನು ಕಂಡ ನಮ್ಮ ಪರಂಪರೆಗೆ, ಉಳಿಯುವುದರಲ್ಲಿಯೂ ಅಷ್ಟೇ ಕಠಿನವಾದ ತಪಸ್ಸಿದೆಯೆಂಬುದು ಕಾಣದೆ ಹೋಯಿತೇನೋ. ಸತ್ತ ಕೂಸನ್ನು ಎತ್ತಿಕೊಂಡು ಸಾವಿಲ್ಲದ ಮನೆಯ ಸಾಸಿವೆಯನ್ನು ಬೇಡಿಹೋದ ಕಿಸಾಗೋತಮಿಯ ಕಥೆಯೂ ಭಿಕ್ಷುಣೀಸಂಘದಲ್ಲಿ ಮುಗಿಯುತ್ತದೆ; ಮನೆಯಲ್ಲಿ ಹಸಿದು ಕಾಯುವ ಇನ್ನೊಂದು ಮಗುವಿದ್ದಿದ್ದರೆ ಬುದ್ಧನು ಅವಳಿಗೆ ಏನು ಹೇಳುತ್ತಿದ್ದನೆಂಬುದು ನನ್ನ ಕುತೂಹಲ.

ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುವುದು ನಮ್ಮ ಸೀಮೆಯ ಪೀರಲ ಹಬ್ಬ. 680ರಲ್ಲಿ ಕರ್ಬಲಾದ ಮರಳಿನಲ್ಲಿ ಹುಸೇನರೂ ಅವರ ಎಳೆಯ ಕೂಸೂ ಮಡಿದ ಕಥೆಗಾಗಿ, ಹಿಂದುಗಳೂ ಮುಸಲ್ಮಾನರೂ ಕೂಡಿ ಅಲಾಯಿ ಕುಣಿಯ ಸುತ್ತ ಪ್ರತಿ ವರ್ಷವೂ ದುಃಖಿಸುವ ಆಚಾರ ಬಳ್ಳಾರಿ, ರಾಯಚೂರು ಸೀಮೆಯ ಹಳ್ಳಿಗಳಲ್ಲಿ ನಡೆದುಬಂದಿದೆ. ಆ ಪರಂಪರೆಯಲ್ಲಿ ಹುಸೇನರ ಸೋದರಿ ಜೈನಬಳು ಹೆತ್ತ ಮಕ್ಕಳನ್ನೂ ಅಣ್ಣನನ್ನೂ ಅದೇ ರಣದಲ್ಲಿ ಕಳೆದುಕೊಂಡು, ಸೆರೆಯಾಗಿ ಡಮಾಸ್ಕಸ್ಸಿಗೆ ನಡೆದ ದಾರಿಯುದ್ದಕ್ಕೂ ಉಳಿದ ಮಕ್ಕಳನ್ನು ಕಾಪಾಡಿದವಳೆಂದು ಪೂಜ್ಯಳಾಗಿದ್ದಾಳೆ. ಅಲ್ಲಿ ಉಳಿದವಳಿಗೆ ಹಾಡಿನಲ್ಲಿ ಎಡೆ ಸಿಕ್ಕಿದೆ.

ಹಿಂಜರಿಕೆಯ ಮಾತೊಂದು ಉಳಿದಿದೆ. ಒಂದು ವರ್ಷ ಚೆನ್ನಾಗಿ ನಡೆದವಳು ಹಬ್ಬದ ದಿನ, ಅಥವಾ ಪೆಟ್ಟಿಗೆಯಲ್ಲಿ ಹಳೆಯ ಅಂಗಿಯೊಂದು ಕೈಗೆ ಸಿಕ್ಕಿದ ದಿನ, ಮತ್ತೆ ಮೊದಲ ದಿನದಂತೆ ಕುಸಿದು ಕುಳಿತರೆ, ಗಳಿಸಿದ್ದೆಲ್ಲವೂ ಹೋಯಿತೆಂದು ತಿಳಿಯುತ್ತಾಳೆ. ಅಶೋಕನ ಶಾಸನಗಳ ಕಾಲಕ್ರಮ ಈ ಭೀತಿಗೆ ಒಂದು ಉತ್ತರವನ್ನು ಇಟ್ಟುಕೊಂಡಿದೆ. ಕಳಿಂಗದ ಯುದ್ಧ ನಡೆದದ್ದು ಅವನ ಪಟ್ಟಾಭಿಷೇಕದ ಎಂಟನೆಯ ವರ್ಷದಲ್ಲಿ. ತನ್ನ ಪ್ರಯತ್ನವನ್ನು ಹೇಳಿಕೊಂಡ ಕಿರುಶಾಸನವು ಅವನ ಶಾಸನಗಳಲ್ಲೆಲ್ಲ ಮೊದಲಿನದೆಂಬುದೂ, ಒಂದು ಲಕ್ಷ ಜನ ಸತ್ತುದನ್ನೂ ಒಂದೂವರೆ ಲಕ್ಷ ಜನ ಸೆರೆಹೋದುದನ್ನೂ ನೆನೆದು ಸಂಕಟಪಡುವ ಹದಿಮೂರನೆಯ ಬಂಡೆಶಾಸನ ಅದಕ್ಕಿಂತ ಈಚಿನದೆಂಬುದೂ ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಅಂದಮೇಲೆ, ಮುನ್ನಡೆಯನ್ನು ಮೊದಲು ಬರೆಸಿದವನೇ ವರ್ಷಗಳು ಕಳೆದ ಮೇಲೆ, ಆ ಸಾವುಗಳ ನೂರರಲ್ಲಿ ಒಂದು ಪಾಲು, ಸಾವಿರದಲ್ಲಿ ಒಂದು ಪಾಲು ಕೂಡ ತನಗೆ ಇಂದು ಭಾರವೆಂದು ಬರೆಸಿದನು. ಎರಡನೆಯದು ಮೊದಲನೆಯದನ್ನು ಸುಳ್ಳು ಮಾಡಲಿಲ್ಲ. ಅವನ ದುಃಖ ತಾನೇ ಮಾಡಿದ ಕೊಲೆಗಳ ದುಃಖ, ಕರೂರಿನ ವಿಧವೆಯದು ಹಾಗಲ್ಲವೆಂಬ ವ್ಯತ್ಯಾಸವನ್ನು ನಾನು ಮರೆತಿಲ್ಲ. ಆದರೂ ‘ಹೊತ್ತಿಗೆ ಸರಿಯಾಗಿ ಬಳ್ಳಾರಿಗೆ ಒಯ್ದಿದ್ರ ಉಳೀತಿದ್ನೇನೋ’ ಎಂದು ಹತ್ತು ವರ್ಷದ ಮೇಲೆಯೂ ತನ್ನನ್ನು ತಾನೇ ಆಪಾದಿಸಿಕೊಳ್ಳುವ ತಂದೆ ತಾಯಿಗಳನ್ನು ಕಂಡವರು, ಆ ಎರಡು ದುಃಖಗಳ ನಡುವಣ ಗೋಡೆ ಅಷ್ಟೇನೂ ದಪ್ಪವಲ್ಲವೆಂಬುದನ್ನು ಒಪ್ಪಿಯಾರು.

ಚಕ್ರವರ್ತಿಗೆ ತನ್ನ ಲೆಕ್ಕವನ್ನು ತಾನೇ ನೋಡಿಕೊಳ್ಳಲು ವಿರಾಮವಿತ್ತು, ಬರೆದುಕೊಳ್ಳಲು ಲಿಪಿಕಾರರಿದ್ದರು. ಒಲೆಗೂ ಹೊಲಕ್ಕೂ ನಡುವೆ ಓಡಾಡುವವಳಿಗೆ ಅದನ್ನು ಯಾರಾದರೂ ನೋಡಿ ಹೇಳಬೇಕು, ಮತ್ತು ನಮ್ಮ ಆಚಾರದಲ್ಲಿ ಹಾಗೆ ಹೇಳುವುದಕ್ಕೆ ಸಂದರ್ಭವೇ ಇಲ್ಲದಿರುವುದು ಸರಿಯಲ್ಲವೆಂಬುದು ನನ್ನ ಖಚಿತವಾದ ಅಭಿಪ್ರಾಯ. ಮೊದಲ ಹತ್ತು ದಿನ ಮನೆ ತುಂಬ ಜನ. ಎರಡನೆಯ ವರ್ಷ ಹೊಸ್ತಿಲು ತುಳಿಯುವವರಿಲ್ಲ. ವರ್ಷದ ಎಡೆ ಇಡುವ ದಿನ, ಪುಣ್ಯಸ್ಮರಣೆಯ ದಿನ, ಬರಸಿಯ ದಿನ, ಬಂಧುಗಳು ಕೂಡಿದಾಗ ತೀರಿಕೊಂಡವನ ಗುಣಗಳನ್ನು ನೆನೆಯುವುದು ಉಂಟಷ್ಟೆ, ಅದೇ ಪಂಕ್ತಿಯಲ್ಲಿ ಹಿರಿಯರೊಬ್ಬರು ಆ ಮನೆಯ ತಾಯಿಯ ಕಡೆಗೂ ತಿರುಗಿ, ‘ಹ್ವಾದ ವರ್ಷ ಈ ಹುಡುಗ ಯಾರ ಮುಖಾನೂ ನೋಡ್ತಿದ್ದಿಲ್ಲ, ಈ ವರ್ಷ ನಮ್ಮ ಮನಿ ಹುಡುಗ್ರ ಕೂಡ ಗುದ್ದ್ಯಾಡಿ ಬಂದಾನ, ನೀ ಏನೋ ಮಾಡೀದಿ ಬಿಡವ್ವ’ ಎಂದು ಎಲ್ಲರೂ ಕೇಳುವಂತೆ ಹೇಳುವುದಕ್ಕೆ ಯಾವ ಶಾಸ್ತ್ರದ ಅಡ್ಡಿಯೂ ಇಲ್ಲ.